‘ದಿ ಜೀನ್’: ವಂಶವಾಹಿಯ ಕಥೆಯಲ್ಲಿ ಲೆಕ್ಕಕ್ಕೆ ಬಾರದ ಜೀವಗಳು

ಸಿದ್ಧಾರ್ಥ ಮುಖರ್ಜಿಯವರ ‘ದಿ ಜೀನ್’ 2016ರಲ್ಲಿ ಪ್ರಕಟವಾದ ಇಂಗ್ಲಿಷ್ ಗ್ರಂಥ. ಮೆಂಡೆಲ್‌ನ ಬಟಾಣಿ ಗಿಡಗಳಿಂದ ಹಿಡಿದು, ವಂಶವಾಹಿಯನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿಧಾನದವರೆಗಿನ ವಿಜ್ಞಾನವನ್ನು ಅದು ಕಥನರೂಪದಲ್ಲಿ ನಿರೂಪಿಸುತ್ತದೆ. ಲೇಖಕರು ದೆಹಲಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಕ್ಯಾನ್ಸರ್ ವೈದ್ಯರು. ಆದರೂ ಗ್ರಂಥ ಆರಂಭವಾಗುವುದು ಕೋಲ್ಕತ್ತದ ಮನೋರೋಗಿಗಳ ಆಶ್ರಯಧಾಮವೊಂದರ ಭೇಟಿಯಿಂದ. ಅಲ್ಲಿರುವವನು ಲೇಖಕರ ತಂದೆಯ ಸೋದರನ ಮಗ. ತಂದೆಯ ಸೋದರರಲ್ಲಿಯೂ ಇಬ್ಬರು ಮನೋರೋಗಕ್ಕೆ ತುತ್ತಾಗಿದ್ದವರು. ವಿವಾಹಕ್ಕೆ ಮುನ್ನ ಭಾವೀ ಪತ್ನಿಗೆ ಈ ಸಂಗತಿಯನ್ನು ತಿಳಿಸಿದುದನ್ನು ಲೇಖಕರು ಸಂಕೋಚವಿಲ್ಲದೆ ದಾಖಲಿಸುತ್ತಾರೆ. ಸಂಬಂಧ ಕೂಡಿಸುವಾಗ ಮನೆತನದ ಕಾಯಿಲೆಯ ಮಾತೆತ್ತದಿರುವುದನ್ನೇ ಜಾಣತನವೆಂದು ಭಾವಿಸುವ ಕುಟುಂಬಗಳು ಈ ಪುಟಗಳನ್ನೊಮ್ಮೆ ಓದಬೇಕು.

ಮನುಷ್ಯರಲ್ಲಿ ‘ಉತ್ತಮ ತಳಿ’ ಬೆಳೆಸಬೇಕೆಂಬ ಭ್ರಮೆಯ ಇತಿಹಾಸವೇ ಗ್ರಂಥದ ಅತ್ಯಂತ ಸಮರ್ಥ ಭಾಗ. ಅಮೆರಿಕದ ವರ್ಜೀನಿಯಾ ರಾಜ್ಯದ ಕ್ಯಾರಿ ಬಕ್ ಎಂಬ ಯುವತಿಯನ್ನು ಮಂದಮತಿಯೆಂದು ನಿರ್ಧರಿಸಿ, ಬಲವಂತದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು 1927ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಸಮ್ಮತಿಯಿತ್ತಿತು. ಮೂರನೆಯ ತಲೆಮಾರಿನ ದೋಷಕ್ಕೆ ಸಾಕ್ಷಿಯೆಂದು ತೋರಿಸಲಾದ ಆಕೆಯ ಹಸುಗೂಸು ಮುಂದೆ ಶಾಲೆಯಲ್ಲಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಗೆ ಸೇರಿತು. ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ರೋಗದ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದರೆ ಪ್ರಾಣಾಂತಿಕ. ಒಬ್ಬರಿಂದ ಮಾತ್ರ ಬಂದರೆ ಅದೇ ಮಲೇರಿಯಾದಿಂದ ರಕ್ಷಣೆ. ವಸ್ತುವನ್ನು ಒಂದೇ ಕಡೆಯಿಂದ ನೋಡಿ ನಿರ್ಣಯಿಸಬಾರದೆಂಬ ಅನೇಕಾಂತದ ಪರಿಚಯವಿರುವವರಿಗೆ ಈ ಮಾತು ಹೊಸದೆನಿಸದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಶರೀರರಚನೆಗೆ ಕಾರಣವಾದ ನಾಮಕರ್ಮವೇ ಡಿ.ಎನ್.ಎ. ಎಂದು ಹೇಳಿಬಿಡುವ ಉತ್ಸಾಹಿಗಳುಂಟು. ಕರ್ಮಪುದ್ಗಲವು ಜೀವನ ಸ್ವಂತ ಯೋಗ-ಕಷಾಯಗಳಿಂದ ಬಂಧಿಸಲ್ಪಡುವುದು. ಅದು ತಂದೆತಾಯಿಗಳಿಂದ ಆಸ್ತಿಯಂತೆ ಬರುವುದಿಲ್ಲ. ವಂಶವಾಹಿಯಾದರೋ ಅವರಿಂದಲೇ ಬರುವುದು. ಎರಡನ್ನೂ ಬೆರೆಸಿದರೆ ಸಿದ್ಧಾಂತಕ್ಕೂ ವಿಜ್ಞಾನಕ್ಕೂ ಅಪಚಾರ. ರೋಗಿಷ್ಠ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗಂತೂ ಇಮ್ಮಡಿ ನೋವು.

ಗ್ರಂಥದ ಕೊರತೆ ಕಾಣುವುದು ಚಿಕಿತ್ಸೆಯ ವಿಚಾರ ಬಂದಾಗ. 1999ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಪ್ರಯೋಗವೊಂದರಲ್ಲಿ ವೈರಾಣುವಿನ ಮೂಲಕ ವಂಶವಾಹಿಯನ್ನು ದೇಹಕ್ಕೆ ಸೇರಿಸಿದ ನಾಲ್ಕು ದಿನಗಳಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಮೃತನಾದ. ಪಥ್ಯ ಮತ್ತು ಔಷಧಿಗಳಿಂದ ಹತೋಟಿಯಲ್ಲಿದ್ದ ರೋಗ ಅವನದು. ಮುಂದೆ ಹುಟ್ಟುವ ಶಿಶುಗಳಿಗೆ ಉಪಕಾರವಾಗಲೆಂದು ಪ್ರಯೋಗಕ್ಕೆ ಒಪ್ಪಿದ್ದ. ಇದೇ ಬಗೆಯ ಚಿಕಿತ್ಸೆಗೆ ಗುರಿಯಾದ ಕೋತಿಗಳು ಹಿಂದೆಯೇ ಸತ್ತಿದ್ದುವು. ಅವನು ಸಹಿ ಹಾಕಿದ ಒಪ್ಪಿಗೆಪತ್ರದಲ್ಲಿ ಆ ಮಾತಿರಲಿಲ್ಲ. ಸರ್ಕಾರೀ ತನಿಖೆಯಿಂದ ಇದು ಹೊರಬಂದಿತು.

ತರುಣನ ಸಾವನ್ನು ಮುಖರ್ಜಿಯವರು ಆರ್ದ್ರವಾಗಿ ಹೇಳುತ್ತಾರೆ. ಆದರೆ ಅವರು ಎತ್ತುವ ನೈತಿಕ ಪ್ರಶ್ನೆಗಳು ಮನುಷ್ಯರ ಪರಿಧಿಯನ್ನು ದಾಟುವುದಿಲ್ಲ: ಯಾರಿಗೆ ಚಿಕಿತ್ಸೆ, ಯಾವ ಭ್ರೂಣ ಉಳಿಯಬೇಕು, ಆಯ್ಕೆಯ ಅಧಿಕಾರ ಯಾರದು. ಪ್ರಯೋಗಶಾಲೆಯ ಪಂಚೇಂದ್ರಿಯ ಜೀವಗಳು ಪುರಾವೆಯಾಗಿ ಬಂದು ಹೋಗುತ್ತವೆ, ಅಷ್ಟೆ. ಪೆನ್ಸಿಲ್ವೇನಿಯಾದಲ್ಲಿ ಹಿಂಸೆಯೊಡನೆ ಅಸತ್ಯವೂ ಕೂಡಿತು. ಕೋತಿಗಳ ಸಾವನ್ನು ಸಾವೆಂದೇ ಎಣಿಸಿದ್ದರೆ ಅದನ್ನು ಪತ್ರದಿಂದ ಬಿಟ್ಟುಬಿಡುವುದು ಅಷ್ಟು ಸುಲಭವಾಗುತ್ತಿತ್ತೇ?

ಕುಡುಗೋಲುಕಣ ರೋಗಕ್ಕೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅಂಗೀಕರಿಸಿದ ಕ್ರಿಸ್ಪರ್ ಚಿಕಿತ್ಸೆಯ ಹಿಂದೆಯೂ ಇಲಿಗಳ ಮೇಲಿನ ಪರೀಕ್ಷೆಗಳುಂಟು. ನೋವಿನಿಂದ ನರಳುವ ಬಾಲಕನಿಗೆ ಅದು ಬೇಡವೆನ್ನಲು ಯಾವ ಶ್ರಾವಕನಿಗೂ ಬಾಯಿ ಬಾರದು. ಪ್ರಶ್ನೆ ಹೀಗೆ ಕಠಿಣವಾದುದರಿಂದಲೇ ಅದಕ್ಕೆ ಗ್ರಂಥದಲ್ಲಿ ಸ್ಥಾನವಿರಬೇಕಿತ್ತು. ಹೊಸ ಔಷಧಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಟ್ಟಳೆಯನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ಸಡಿಲಿಸಿ, ಜೀವಕೋಶಗಳ ಮೇಲಿನ ಪರೀಕ್ಷೆ, ಗಣಕಯಂತ್ರದ ಮಾದರಿ ಮುಂತಾದ ಮಾರ್ಗಗಳಿಗೂ ಮಾನ್ಯತೆ ನೀಡಿತು. ಗ್ರಂಥ ಪ್ರಕಟವಾದುದು ಇದಕ್ಕೆ ಆರು ವರ್ಷ ಮೊದಲು ಎಂಬುದನ್ನು ನೆನಪಿಡುವುದು ನ್ಯಾಯ.

ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಗ್ರಂಥಭಂಡಾರಗಳಿಗೆ ಈ ಪುಸ್ತಕವನ್ನು ತರಿಸಬಹುದು. ಗಾತ್ರಕ್ಕೆ ಅಂಜುವವರು ಮುಖರ್ಜಿ ಮನೆತನದ ಕಥೆಯನ್ನೂ ಕ್ಯಾರಿ ಬಕ್ ಪ್ರಕರಣವನ್ನೂ ಮೊದಲು ಓದಿಕೊಳ್ಳಲಿ. ಪ್ರಯೋಗವಿಧಾನಗಳನ್ನು ವಿವರಿಸುವ ನಡುವಿನ ಭಾಗ ವಿಜ್ಞಾನದ ವಿದ್ಯಾರ್ಥಿಗಳಿಗೆ ಹೆಚ್ಚು ಒಗ್ಗುವಂಥದು.