ಮನೋವ್ಯಥೆಗೆ ಪರಿಹಾರ: ಧಾರವಾಡದ ಒಂದು ಆದೇಶ

ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವು 2024ರ ಜುಲೈ ತಿಂಗಳಿನಲ್ಲಿ ಹೊರಡಿಸಿದ ಒಂದು ಆದೇಶವನ್ನು ಪತ್ರಿಕೆಗಳಲ್ಲಿ ಓದಿದವರು ಅದನ್ನೊಂದು ವಿನೋದದ ವಾರ್ತೆಯೆಂದೇ ಎಣಿಸಿದ್ದುಂಟು. 2023ರ ಆಗಸ್ಟ್ 31ರಂದು ಆ ಊರಿನ ಮಹಿಳೆಯೊಬ್ಬರು ಝೊಮ್ಯಾಟೊ ಮೂಲಕ ಮೊಮೊ ತರಿಸಲೆಂದು 133 ರೂಪಾಯಿ 25 ಪೈಸೆ ಸಲ್ಲಿಸಿದರು. ತಿನಿಸು ತಲಪಿತೆಂಬ ಸಂದೇಶ ಬಂದಿತೇ ಹೊರತು ತಿನಿಸು ಬರಲಿಲ್ಲ. ವಿಚಾರಿಸುವುದಕ್ಕೆ 72 ಗಂಟೆಗಳ ಅವಧಿ ಬೇಡಿದ ಸಂಸ್ಥೆಯು ಆಮೇಲೆ ಮೌನ ತಾಳಿತು. ವಕೀಲರ ನೋಟೀಸು ಹೋಗಿ, ದೂರು ದಾಖಲಾಗಿ, ತನ್ನಲ್ಲಿ ದೋಷವೇ ಇಲ್ಲವೆಂದು ವಾದಿಸಿದ ಅದೇ ಸಂಸ್ಥೆಯು 2024ರ ಮೇ 2ರಂದು ಆ 133 ರೂಪಾಯಿ 25 ಪೈಸೆಯನ್ನು ಮರಳಿಸಿತು. ಅನಾನುಕೂಲ ಮತ್ತು ಮನೋವ್ಯಥೆಗಾಗಿ 50,000 ರೂಪಾಯಿಯನ್ನೂ ವ್ಯಾಜ್ಯದ ಖರ್ಚಿಗಾಗಿ 10,000 ರೂಪಾಯಿಯನ್ನೂ ಕೊಡತಕ್ಕದ್ದೆಂದು ಆಯೋಗ ವಿಧಿಸಿತು. ಬೆಳಗಾವಿಗೆ ನೆರೆಯ ಜಿಲ್ಲೆಯ ಈ ಆದೇಶವನ್ನು ನಗೆಯ ವಸ್ತುವೆಂದು ಬದಿಗಿಡದೆ, ನ್ಯಾಯದ ಕೃತಿಯೆಂದೇ ಪರಿಗಣಿಸಿ, ಅದರ ಗುಣವೇನು, ಊನವೇನು ಎಂದು ಪರಿಶೀಲಿಸುವುದು ಉಚಿತವಾದದ್ದು.

ಮನಸ್ಸಿನ ನೋವಿಗೆ ಹಣ ಕೇಳುವುದು ನಮ್ಮ ನ್ಯಾಯಪದ್ಧತಿಯಲ್ಲಿ ಬಹುಕಾಲ ಸಲ್ಲದ ಮಾತಾಗಿತ್ತು. ಕರಾರು ಮುರಿದ ರೀತಿಯಿಂದ ನೊಂದ ಉದ್ಯೋಗಿಗೆ ಆ ನೋವಿಗಾಗಿ ಪರಿಹಾರವಿಲ್ಲವೆಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1909ರಲ್ಲಿ ನಿರ್ಣಯಿಸಿತು. ನಮ್ಮ 1872ರ ಕರಾರು ಅಧಿನಿಯಮದ 73ನೆಯ ಕಲಮಾದರೂ ಕರಾರುಭಂಗದಿಂದ ಸಹಜವಾಗಿ ಒದಗುವ, ಇಲ್ಲವೆ ಉಭಯರೂ ಮೊದಲೇ ಅರಿತಿದ್ದ ನಷ್ಟವನ್ನಷ್ಟೇ ಲೆಕ್ಕಕ್ಕೆ ಹಿಡಿದು, ದೂರದ ಮತ್ತು ಪರೋಕ್ಷವಾದದ್ದನ್ನು ಬಿಟ್ಟುಬಿಡುತ್ತದೆ. ಬೆಳಗಾವಿಯ ಟಿಳಕವಾಡಿಯಲ್ಲಿ 1939ರಲ್ಲಿ ಸ್ಥಾಪಿತವಾದ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯದಲ್ಲಿ ಓದಿದ ಮೊದಲ ತಲೆಮಾರುಗಳು ಕಲಿತದ್ದು ಈ ಶಾಸ್ತ್ರವನ್ನೇ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಬಂದ ಮೇಲೆ ದಾರಿ ಬೇರೆಯಾಯಿತು. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾನಸಿಕ ಹಿಂಸೆಗಾಗಿ ವಿಧಿಸಿದ್ದ 10,000 ರೂಪಾಯಿಯನ್ನು ಎತ್ತಿಹಿಡಿದುದಲ್ಲದೆ, ಆ ಹಣವನ್ನು ಹಿಂಸೆಗೆ ಕಾರಣರಾದ ಅಧಿಕಾರಿಗಳ ಸಂಬಳದಿಂದಲೇ ವಸೂಲು ಮಾಡಬೇಕೆಂದಿತು; ನಾನು ಓದಿದ ತೀರ್ಪುಗಳಲ್ಲಿ ಸಾಮಾನ್ಯನ ಪರವಾಗಿ ಇಷ್ಟು ಧೈರ್ಯದಿಂದ ನುಡಿದವು ವಿರಳ. ಈಗಿನ 2019ರ ಅಧಿನಿಯಮವಂತೂ ದೇಹಕ್ಕೂ ಸ್ವತ್ತಿಗೂ ಆದ ಕೇಡಿನೊಡನೆ ಮನಸ್ಸಿಗಾದ ಕೇಡನ್ನೂ ಹಾನಿಯೆಂದೇ ಪರಿಗಣಿಸಿದೆ.

ಆದಕಾರಣ ಧಾರವಾಡದ ಆಯೋಗವು ಮೂಲತತ್ತ್ವದಲ್ಲಿ ತಪ್ಪಿಲ್ಲ. ತಿನಿಸಿನ ಬೆಲೆಗೂ ಪರಿಹಾರದ ಮೊತ್ತಕ್ಕೂ ಇರುವ ಅಂತರವನ್ನು ಕಂಡು ನಕ್ಕವರು, ಆಕೆ ಹೋರಾಡಿದ್ದು ತಿನಿಸಿಗಾಗಿ ಅಲ್ಲವೆಂಬುದನ್ನು ಗಮನಿಸಲಿಲ್ಲ. ಬಾರದಿದ್ದುದನ್ನು ಬಂದಿದೆಯೆಂದು ಬರೆದಿಟ್ಟ ದಾಖಲೆಯ ಮುಂದೆ ತಾನೇ ಸುಳ್ಳುಗಾತಿಯೆಂಬಂತೆ ನಿಲ್ಲಬೇಕಾದ ಸ್ಥಿತಿ, ಎಂಟು ತಿಂಗಳು ಯಾರೂ ಉತ್ತರಕೊಡದ ಸ್ಥಿತಿ, ಇವು ನೂರಮೂವತ್ತಮೂರು ರೂಪಾಯಿಯಿಂದ ಅಳೆಯತಕ್ಕವಲ್ಲ. ಊನವಿರುವುದು ಬೇರೊಂದು ಕಡೆ. ಆ 50,000 ರೂಪಾಯಿಯಲ್ಲಿ ನೊಂದವರಿಗೆ ಸಾಂತ್ವನವೆಷ್ಟು, ಸಂಸ್ಥೆಗೆ ದಂಡವೆಷ್ಟು ಎಂಬುದು ತಿಳಿಯದು. ಎರಡನ್ನೂ ಒಂದೇ ಮೊತ್ತದಲ್ಲಿ ಬೆರೆಸಿದ್ದರಿಂದಲೇ ಓದಿದವರಿಗೆ ಅದು ಅತಿರೇಕವಾಗಿ ತೋರಿತು. ಈ ವಿಷಯದಲ್ಲಿ ಬೆಂಗಳೂರಿನ ಒಂದು ಜಿಲ್ಲಾ ಆಯೋಗವು ಹೆಚ್ಚು ವಿವೇಕ ತೋರಿತೆನ್ನಬೇಕು: ಘೋಷಿತ ವೇಳೆಗೆ ಚಿತ್ರ ತೋರಿಸದೆ ಸುಮಾರು 25 ನಿಮಿಷ ಜಾಹೀರಾತುಗಳನ್ನು ತೋರಿಸಿದ ಪಿವಿಆರ್ ಐನಾಕ್ಸ್ ಸಂಸ್ಥೆಯು ದೂರುದಾರನಿಗೆ ಮನೋವ್ಯಥೆಗಾಗಿ 20,000, ಖರ್ಚಿಗಾಗಿ 8,000, ದಂಡರೂಪವಾಗಿ ಗ್ರಾಹಕ ಕಲ್ಯಾಣ ನಿಧಿಗೆ 1 ಲಕ್ಷ ರೂಪಾಯಿ ಕೊಡಬೇಕೆಂದು 2025ರ ಫೆಬ್ರವರಿಯಲ್ಲಿ ಅದು ವಿಂಗಡಿಸಿ ಹೇಳಿತು. ಉಚ್ಚ ನ್ಯಾಯಾಲಯವು ಮುಂದಿನ ತಿಂಗಳೇ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಆ ವಿಂಗಡಣೆಯ ಕ್ರಮವು ಅನುಕರಣೀಯವೆಂದೇ ನನ್ನ ಅಭಿಪ್ರಾಯ.

ಇದಕ್ಕಿಂತಲೂ ದೊಡ್ಡ ಕೊರತೆಯೊಂದುಂಟು, ಅದು ಧಾರವಾಡದ್ದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಸ್ವಿಟ್ಜರ್ಲೆಂಡಿನ ಪ್ರವಾಸಕ್ಕೆ 63 ಪೌಂಡು ತೆತ್ತು ನಿರಾಶನಾದ ಒಬ್ಬ ವಕೀಲನಿಗೆ 125 ಪೌಂಡು ಕೊಡಿಸಿದ, 1973ರ ನ್ಯಾಯವರದಿಗಳಲ್ಲಿ ಪ್ರಕಟವಾದ ಲಾರ್ಡ್ ಡೆನಿಂಗ್ ಅವರ ತೀರ್ಪನ್ನು ಓದಿದರೆ, ಸಂತೋಷಕೂಟದ ವಾಗ್ದಾನವಿದ್ದ ವಸತಿಗೃಹದಲ್ಲಿ ಎರಡನೆಯ ವಾರ ಆತನೊಬ್ಬನೇ ಅತಿಥಿಯಾಗಿ ಉಳಿದುದು, ಹಾಡಲು ಬಂದವನು ಕೆಲಸದ ಉಡುಪಿನಲ್ಲಿಯೇ ಬಂದು ಅವಸರದಲ್ಲಿ ಹಾಡಿ ಹೋದುದು, ಎಲ್ಲವೂ ಅಲ್ಲಿ ಒಂದೊಂದಾಗಿ ಹೇಳಲ್ಪಟ್ಟಿವೆ. ಮೊತ್ತವು ಆ ಕಥನದಿಂದಲೇ ಹುಟ್ಟುತ್ತದೆ. ಪರಿಹಾರವು ಎಲ್ಲ ಪ್ರಕರಣಗಳಿಗೂ ಏಕರೂಪವಾಗಿರಲಾಗದು, ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ನಿರ್ಧರಿಸಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ 2004ರಲ್ಲಿ ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತಿಳಿಸಿತು. ಹಾಗಿದ್ದೂ ನಮ್ಮ ಜಿಲ್ಲಾ ಆಯೋಗಗಳ ಆದೇಶಗಳಲ್ಲಿ ಹಲವು, ಸೇವಾನ್ಯೂನತೆಯನ್ನು ಪುಟಗಟ್ಟಲೆ ಚರ್ಚಿಸಿ, ಕೊನೆಗೆ ಮನೋವ್ಯಥೆಗಾಗಿ ಇಷ್ಟು ಸಾವಿರವೆಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ.

ಇದರ ಪರಿಣಾಮವು ನಮ್ಮ ನೆಲದಲ್ಲಿ ಹೇಗಿರುವುದೆಂದು ಯೋಚಿಸಬೇಕು. ಟಿಳಕವಾಡಿಯ ಹಳೆಯ ಬಂಗಲೆಗಳ ಜಾಗದಲ್ಲಿ ಎದ್ದ ವಸತಿ ಸಂಕೀರ್ಣವೊಂದರಲ್ಲಿ ಮನೆ ಕಾದಿರಿಸಿ, ಬ್ಯಾಂಕಿಗೆ ಕಂತನ್ನೂ ಇದ್ದ ಮನೆಗೆ ಬಾಡಿಗೆಯನ್ನೂ ಏಕಕಾಲಕ್ಕೆ ಕಟ್ಟುತ್ತ ವರ್ಷಗಟ್ಟಲೆ ಕಾಯುವ ನಿವೃತ್ತನಿಗೆ ಬಡ್ಡಿಯು ದೊರೆಯಬಹುದು. ಸ್ವಂತ ಮನೆಯಲ್ಲಿ ಮಗಳ ಮದುವೆ ಮಾಡಬೇಕೆಂದಿದ್ದ ಆಸೆ ಕೈಗೂಡದೆ ಹೋದುದು ಆ ಬಡ್ಡಿಯಲ್ಲಿ ಸೇರದು. ಖಾನಾಪುರದ ಭತ್ತದ ರೈತನು ಕೊಂಡ ಬೀಜ ಮೊಳೆಯದೆ ಹೋದರೆ, ಅವನೂ ಗ್ರಾಹಕನೇ ಎಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿರುವುದರಿಂದ ಅವನು ಪರಿಹಾರ ಕೇಳಬಲ್ಲನು; ಇಳುವರಿಯ ನಷ್ಟವನ್ನು ಕ್ವಿಂಟಾಲಿನ ಲೆಕ್ಕದಲ್ಲಿ ತೋರಿಸಲೂಬಹುದು. ಆದರೆ ಸುತ್ತಲಿನ ಗದ್ದೆಗಳೆಲ್ಲ ಹಸಿರಾಗಿರುವಾಗ ತನ್ನದೊಂದೇ ಬರಿದಾಗಿರುವುದನ್ನು ಮಳೆಗಾಲವಿಡೀ ನೋಡುತ್ತ ಸಾಲ ಕೊಟ್ಟವರಿಗೆ ಉತ್ತರಿಸಬೇಕಾದ ಅವನ ಸಂಕಟವನ್ನು ಆದೇಶವು ಒಂದು ಪ್ಯಾರಾದಲ್ಲಿಯಾದರೂ ದಾಖಲಿಸದಿದ್ದರೆ, ಮೇಲ್ಮನವಿಯಲ್ಲಿ ಮೊದಲು ಕಡಿತಗೊಳ್ಳುವುದು ಆ ಮನೋವ್ಯಥೆಯ ಮೊತ್ತವೇ. ಏಕೆಂದರೆ ಅದನ್ನು ಸಮರ್ಥಿಸಲು ಕಡತದಲ್ಲಿ ಏನೂ ಇರುವುದಿಲ್ಲ.

ಈ ದೋಷದಲ್ಲಿ ವಕೀಲರ ಪಾಲೂ ಉಂಟು. ಹಿಂದಿನ ದೂರಿನಿಂದ ಪ್ರತಿಮಾಡಿದ ಒಂದು ವಾಕ್ಯವನ್ನೇ ಪ್ರಾರ್ಥನೆಯ ಭಾಗದಲ್ಲಿ ಸೇರಿಸಿ, ಕಕ್ಷಿದಾರನ ಬಾಯಿಂದ ಅವನ ನೋವನ್ನು ಕೇಳದೆಯೇ ದೂರು ಸಲ್ಲಿಸಿದರೆ, ಆಯೋಗವಾದರೂ ಯಾವ ಆಧಾರದ ಮೇಲೆ ಅಳೆಯಬೇಕು?

2019ರ ಅಧಿನಿಯಮದ ಮೇರೆಗೆ ಖಾನಾಪುರದವನು ತಾನಿರುವ ಬೆಳಗಾವಿ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ವಕೀಲರಿಲ್ಲದೆ ತಾನೇ ವಾದಿಸಲೂಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ಅವಧಿ ಮಾತ್ರ ಎರಡು ವರ್ಷ. ಹಾಗೆ ದೂರು ಕೊಡುವವರು ರಸೀದಿಯನ್ನು ಲಗತ್ತಿಸುವಷ್ಟೇ ಶ್ರದ್ಧೆಯಿಂದ ತಮ್ಮ ವ್ಯಥೆಯನ್ನೂ ದಿನಾಂಕಸಹಿತವಾಗಿ, ತಮ್ಮದೇ ಮಾತಿನಲ್ಲಿ ಪ್ರಮಾಣಪತ್ರದಲ್ಲಿ ಬರೆಯಲಿ. ಆಯೋಗದ ಸದಸ್ಯರು ಮೊತ್ತವನ್ನು ನಮೂದಿಸುವ ಮುನ್ನ ಆ ಬರಹಕ್ಕೆ ಉತ್ತರರೂಪವಾಗಿ ಕಾರಣಗಳನ್ನು ಬರೆಯಲಿ.