ಮುದ್ರೆಯ ಅಂಚು

ಎರಡನೇ ಮಹಾಯುದ್ಧದ ಬಿಎಂಡಬ್ಲ್ಯು ಆರ್75 ಬೈಕಿನ ಅಸಲಿ ಬಿಡಿಭಾಗವನ್ನು ಗುರುತಿಸುವವರ ಕಣ್ಣಿಗೆ ನಾನು ಮಾರುಹೋಗಿದ್ದೇನೆ. ಹೊಳಪು ಕಂಡರೆ ಅವರಿಗೆ ಗುಮಾನಿ. ಹದ್ದಿನ ಕೆಳಗೆ ಸಂಕೇತ, ಅಂಕಿಗಳಿರುವ ಸೇನಾ ತಪಾಸಣೆಯ ಮುದ್ರೆ ಸಿಕ್ಕರೂ ಹಿಗ್ಗುವುದಿಲ್ಲ. ಭೂತಗನ್ನಡಿ ಹಿಡಿದು ಅದರ ಅಂಚು ನೋಡುತ್ತಾರೆ. ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದಲ್ಲಿ ಲೋಹ ಬದಿಗೆ ಸರಿದು ಸಣ್ಣಗೆ ಉಬ್ಬಿರುತ್ತದೆ. ಯಂತ್ರದಲ್ಲಿ ಕೊರೆದ ಗುರುತಿಗೆ ಆ ಉಬ್ಬು ಇರದು.

ಹೊಡೆದ ಮುದ್ರೆಯನ್ನೂ ನಕಲು ಮಾಡಬಹುದಲ್ಲ? ಮಾಡಬಹುದು, ಮಾಡಿದ್ದಾರೆ ಕೂಡ. ಅದಕ್ಕೇ ಅವರು ಒಂದೇ ಗುರುತನ್ನು ನಂಬದೆ ಎರಕದ ಮೈ, ಬೋಲ್ಟಿನ ತಲೆ, ತಗ್ಗಿನಲ್ಲಿ ಉಳಿದ ಹಳೆಯ ಬಣ್ಣ ಎಲ್ಲವನ್ನೂ ತಾಳೆ ಹಾಕುತ್ತಾರೆ. ಸರಿಯಾಗಿ ಕೂರುತ್ತದೆ ಎಂಬುದಂತೂ ಪುರಾವೆಯೇ ಅಲ್ಲ: ಸೋವಿಯತ್ ಎಂ72 ಹುಟ್ಟಿದ್ದೇ ಬಿಎಂಡಬ್ಲ್ಯು ಆರ್71ರ ನಕಲಾಗಿ, ಅದರ ಎಷ್ಟೋ ಭಾಗಗಳು ಆ ಆರ್71ಕ್ಕೂ ಹೊಂದುತ್ತವೆ. ಹೊಸ ಭಾಗ ಹಾಕಿದರೂ ಗಾಡಿ ಓಡುತ್ತದೆ, ಕೆಲವೊಮ್ಮೆ ಇನ್ನೂ ಚೆನ್ನಾಗಿಯೇ. ಆದರೆ ಯಾವ ಕೆಲಸಗಾರ ಎಲ್ಲಿ ಅರ ಹಾಕಿದ, ಎಲ್ಲಿ ಅವಸರಪಟ್ಟ ಎಂಬುದನ್ನು ಅದು ತೋರಿಸದು. ಬಲ್ಲ ರಿಪೇರಿಯವರು ಆ ಅರದ ಗೀರನ್ನು ಉಜ್ಜಿ ನಯಮಾಡುವುದಿಲ್ಲ.