ಮಾರುವ ಮುನ್ನದ 45 ದಿನ

ಕೊಡಗಿನ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ವರ್ಷವಿಡೀ ತುಕ್ಕು, ತೋಟೆ, ಲೈಸೆನ್ಸ್ ನವೀಕರಣ ಎಂದು ಕೇಳುವವರು ಆಗಸ್ಟ್ ಕೊನೆಗೆ ಮಾರಿಬಿಟ್ಟ ಕೋವಿಯ ಸುದ್ದಿ ಎತ್ತುತ್ತಾರೆ. ನಾಟಿ ಮುಗಿಸಿ, ಮನೆಯ ಕೋವಿ ಕತ್ತಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಸಾಲಾಗಿ ಇಟ್ಟು, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಹಬ್ಬ ಅದು. ಇಲ್ಲದ ಕೋವಿ ಎದ್ದು ಕಾಣುವುದು ಆ ಸಾಲಿನಲ್ಲೇ. ಈ ಸಲ ಸೋಮವಾರಪೇಟೆ ಕಡೆಯ ಓದುಗರೊಬ್ಬರು ನೇರವಾಗಿಯೇ ಕೇಳಿದ್ದಾರೆ: ಅಪ್ಪನ ಕಾಲದ ಜೋಡಿ ನಳಿಗೆ ಕೋವಿಯನ್ನು ಕೆಲವು ವರ್ಷಗಳ ಹಿಂದೆ ಕೊಟ್ಟುಬಿಟ್ಟೆ, ಅದನ್ನು ಮರಳಿ ಪಡೆಯಲು ದಾರಿ ಇದೆಯೇ?

ದಾರಿ ಇದೆ, ಕಿರಿದು. ಅದನ್ನು ಕೊನೆಗೆ ಹೇಳುತ್ತೇನೆ. ಈ ವಾರ ಮುಖ್ಯವಾಗಿ ಇನ್ನೂ ಮಾರದವರ ಜೊತೆ ಮಾತಾಡಬೇಕಿದೆ.

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಒಂದು ಕೋವಿ ಮಾರಿ ಕೊರಗುವವನಿಗೆ ಅದೇ ಮಾದರಿಯ ಇನ್ನೊಂದು ಸಿಗುವ ಭರವಸೆಯಾದರೂ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ. 1980ರ ದಶಕದ ನಡುವಿನಿಂದ ಖಾಸಗಿಯವರು ವಿದೇಶಿ ಕೋವಿ ತರಿಸಿಕೊಳ್ಳುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯೂ 1979ರಲ್ಲಿ ಕೋವಿ ತಯಾರಿಕೆ ಕೈಬಿಟ್ಟಿತು. ಆ ಕಾಲಕ್ಕೆ ಮುಂಚೆ ನಮ್ಮ ತೋಟ, ಮನೆಗಳಿಗೆ ಬಂದು ಸೇರಿದ್ದೇ ಇಂದಿಗೂ ನಮ್ಮ ಪಾಲಿನ ವಿದೇಶಿ ಕೋವಿಗಳ ಒಟ್ಟು ದಾಸ್ತಾನು. ವರ್ಷಕ್ಕಿಷ್ಟು ತುಕ್ಕಿಗೆ, ಒಡೆದ ಮರಕ್ಕೆ, ಠಾಣೆಯ ಮೂಲೆಗೆ ಹೋಗುತ್ತಿದೆಯೇ ಹೊರತು ಹೊಸದು ಸೇರುತ್ತಿಲ್ಲ. ಒಳ್ಳೆಯದು ಕೈಗೆ ಸಿಕ್ಕವರು ಸುಲಭಕ್ಕೆ ಬಿಡುವುದೂ ಇಲ್ಲ.

ಹಾಗೆಂದು ಜನ ಕೊರಗುವುದು ಬೆಲೆಬಾಳುವ ಕೋವಿಗೇ ಎಂದೇನಿಲ್ಲ. ಕೇಪಿನ ಕೋವಿಯೊಂದನ್ನು ನೆನೆದು ಸಂಕಟಪಡುವವರನ್ನೂ ಕಂಡಿದ್ದೇನೆ. ಕೊರಗು ಹುಟ್ಟಿಸುವುದು ಹೆಗಲಿಗೆ ಸರಿಯಾಗಿ ಕೂರುವ ಕೋವಿ. ಈ ಕೂರುವಿಕೆ ಭ್ರಮೆಯೇನೂ ಅಲ್ಲ, ಅಳತೆ ಪಟ್ಟಿಗೆ ಸಿಗುವ ಸಂಗತಿ. ಟ್ರಿಗರಿನಿಂದ ಬುಡದ ಹಿಂಬದಿಯ ತನಕದ ಉದ್ದ ಇಂಗ್ಲಿಷ್ ಕೋವಿಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕೂವರೆ ಇಂಚಿನ ಆಸುಪಾಸು ಇರುತ್ತದೆ. ಮರ ನಳಿಗೆಯ ಗೆರೆಗಿಂತ ಎಷ್ಟು ಕೆಳಗೆ ಇಳಿದಿದೆ, ಬಲಗೈಯವರಿಗಾಗಿ ಎಷ್ಟು ಬಲಕ್ಕೆ ವಾಲಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲ ಹೊಂದಿಕೊಂಡರೆ ಕೆನ್ನೆ ಮರದ ಮೇಲೆ ತಾನೇ ಕೂರುತ್ತದೆ, ಕಣ್ಣು ನಳಿಗೆಯ ತುದಿಯ ಮಣಿಯ ನೇರಕ್ಕೆ ಬರುತ್ತದೆ. ಚರೆ ಕೋವಿಗೆ ಹಿಂದುಗಡೆ ಗುರಿಕಟ್ಟು ಇರುವುದಿಲ್ಲ, ಹೊಡೆಯುವವನ ಕಣ್ಣೇ ಆ ಕೆಲಸ ಮಾಡಬೇಕು. ಕಾಲಿಂಚು ಹೆಚ್ಚುಕಡಿಮೆಯಾದರೂ ಈಡು ಬೇರೆಡೆ ಹೋಗುವುದು ಅದಕ್ಕೇ.

ನಮ್ಮ ಪಕ್ಕದ ತೋಟದ ಹಿರಿಯರ ಬಳಿ ವೆಬ್ಲಿ ಅಂಡ್ ಸ್ಕಾಟ್‌ನ ಒಂದು ಜೋಡಿ ನಳಿಗೆ ಕೋವಿ ಇತ್ತು. ತೋಟ ಬಿಟ್ಟು ಊರಿಗೆ ಹೊರಟ ದೊರೆಯೊಬ್ಬರಿಂದ ಅವರ ತಂದೆ ಕೊಂಡದ್ದು. ತಂದೆ ಗಿಡ್ಡ ಆಳು, ಉದ್ದವಾಯಿತೆಂದು ಬುಡವನ್ನು ಕೊಯ್ಯಿಸಿದ್ದರು. ಮಗ ಎತ್ತರಕ್ಕೆ ಬೆಳೆದಾಗ ಊರ ಬಡಗಿಯಿಂದಲೇ ಬೀಟೆ ಮರದ ತುಂಡೊಂದನ್ನು ಹಿಂದಕ್ಕೆ ಜೋಡಿಸಿದರು. ವಾಲ್ನಟ್ಟಿನ ಕಂದಿಗೂ ಬೀಟೆಯ ಕಪ್ಪಿಗೂ ನಡುವೆ ಕೂದಲೆಳೆಯಷ್ಟು ಗೆರೆ. ಕೈಯಾಡಿಸಿದರೆ ಬೆರಳಿಗೆ ಅದು ತಿಳಿಯುತ್ತಲೇ ಇರಲಿಲ್ಲ. 2001ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿ, ಆಳುಗಳ ಸಂಬಳಕ್ಕೂ ಒದ್ದಾಡುವಂತಾದಾಗ ಅವರು ಇದನ್ನು ಮಾರಿದರು. ಕೊಳ್ಳುವವರು ಆ ಬೀಟೆ ತುಂಡನ್ನು ತೋರಿಸಿ, ‘ಮರ ಒರಿಜಿನಲ್ ಅಲ್ಲ’ ಎಂದು ಬೆಲೆ ಇಳಿಸಿದ್ದರಂತೆ.

‘ದುಡ್ಡಿನಲ್ಲೇನೂ ಮೋಸವಾಗಲಿಲ್ಲ’ ಎಂದು ಅವರು ಈಗಲೂ ಹೇಳುತ್ತಾರೆ. ‘ಆದರೆ ಆಮೇಲೆ ತಂದದ್ದು ಒಂದೂ ಹೆಗಲಿಗೆ ಕೂರಲಿಲ್ಲ ನೋಡಿ.’

ಮಾರಿದವರ ಸಂಕಟದ ಮೂಲವೆಲ್ಲ ಆ ಬೀಟೆ ತುಂಡಿನಲ್ಲಿದೆ ಎಂದು ನನಗನ್ನಿಸುತ್ತದೆ. ಕೋವಿ ನಿಮ್ಮದಾಗಿರುವುದು ಯಾವುದರಿಂದಲೋ, ಮಾರುಕಟ್ಟೆ ಅದನ್ನೇ ಊನವೆಂದು ಎಣಿಸಿ ಬೆಲೆ ಕಡಿಯುತ್ತದೆ. ಮಾರುವ ಗಡಿಬಿಡಿಯಲ್ಲಿ ನಾವೂ ಮಾರುಕಟ್ಟೆಯ ಕಣ್ಣಿನಿಂದಲೇ ಅದನ್ನು ನೋಡಲು ಶುರುಮಾಡುತ್ತೇವೆ.

ಮಾರಲು ಕಾರಣಗಳಿಗೇನೂ ಕೊರತೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಮಕ್ಕಳು ಬೆಂಗಳೂರು ಸೇರಿದರು. ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆದು ಬರಬೇಕು, ಅತ್ತ ಹಂದಿ ಮಂಗಗಳು ಬೆಳೆ ತಿನ್ನುತ್ತಿದ್ದರೂ ಕೈಕಟ್ಟಿ ಕೂರಬೇಕು. ವಾರಗಟ್ಟಲೆ ಎಣ್ಣೆ ಕಾಣದೆ ನಿಂತ ನಳಿಗೆಯಲ್ಲಿ ತುಕ್ಕಿನ ಚುಕ್ಕೆ ನೋಡಿದ ದಿನ ‘ಇದರ ಸಹವಾಸವೇ ಸಾಕು’ ಎನ್ನಿಸುವುದು ಸಹಜ. 2019ರ ತಿದ್ದುಪಡಿಯಂತೂ ಲೈಸೆನ್ಸ್‌ದಾರರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷದ ಗಡುವು ಕೊಟ್ಟಿತು. ಮೂರರಲ್ಲಿ ಯಾವುದು ಎಂಬ ಪ್ರಶ್ನೆ ಬಂದಾಗ ನನಗೆ ಗೊತ್ತಿರುವ ಹಲವರು ಹಳೆಯದನ್ನೇ ಕೊಟ್ಟರು. ಹೆಚ್ಚು ಬಳಕೆಯಲ್ಲಿಲ್ಲ ಎನ್ನುವುದೇ ಅವರ ಲೆಕ್ಕ. ಬಳಕೆಯ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಹೊಸದು ಬೇಕಾದರೆ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ, ಹಳೆಯದು ಸಿಗುವುದಿಲ್ಲ.

ಇಷ್ಟಾಗಿ ನಮ್ಮ ಕಾನೂನಿನಲ್ಲೇ ಯೋಚನೆಗೆ ಬಿಡುವು ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಸ್ವಂತಕ್ಕೆ ಇಟ್ಟುಕೊಂಡ ಕೋವಿಯನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಯಾರಿಗೆ ಕೊಡುತ್ತೇವೆಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ, 45 ದಿನ ಕಾಯಬೇಕು. ಜನ ಇದನ್ನು ಕಚೇರಿಯ ಕಿರಿಕಿರಿ ಎಂದು ಬೈಯುತ್ತಾರೆ. ನನಗೆ ಇದು ಆ ಕಾಯ್ದೆಯ ಅತ್ಯಂತ ವಿವೇಕದ ಮಾತು. ಪತ್ರ ಕೊಟ್ಟ ಮಾತ್ರಕ್ಕೆ ಮಾರಲೇಬೇಕೆಂದಿಲ್ಲ. ಆ ದಿನಗಳನ್ನು ಸುಮ್ಮನೆ ಕಳೆಯಬೇಡಿ.

ಮೊದಲು ಕೋವಿಯನ್ನು ಹೊರತೆಗೆದು, ಒಳಗೆ ತೋಟೆ ಇಲ್ಲವೆಂದು ಎರಡು ಸಲ ನೋಡಿ. ಬಯಲಿನ ಕಡೆ ಮುಖಮಾಡಿ, ಕಣ್ಣುಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ತೆರೆಯಿರಿ. ಮಣಿ ನಡುವಿಗೇ ಬಂದಿದ್ದರೆ ಆ ಮರ ನಿಮ್ಮ ಮೈಗೆ ಹೊಂದಿದೆ. ನಂತರ ನಳಿಗೆಗಳನ್ನು ಬಿಚ್ಚಿ, ಕೀಲಿನ ಕೊಕ್ಕೆಗೆ ಬೆರಳು ಹಾಕಿ ತೂಗಾಡಿಸಿ, ಉಗುರಿನಿಂದ ಮೆಲ್ಲಗೆ ತಟ್ಟಿ. ಬೆಸುಗೆ ಗಟ್ಟಿಯಿದ್ದರೆ ಗಂಟೆಯಂತೆ ನಾದ ಎಳೆಯುತ್ತದೆ. ಬಿಟ್ಟಿದ್ದರೆ ಮೊದ್ದು ಸದ್ದು ಬಂದು ಅಲ್ಲೇ ಸಾಯುತ್ತದೆ. ನಳಿಗೆಯ ಅಡಿಯ ಚಪ್ಪಟೆ ಜಾಗದಲ್ಲಿ ಪ್ರೂಫ್ ಮುದ್ರೆಗಳಿರುತ್ತವೆ, ಭೂತಗನ್ನಡಿ ಹಿಡಿದು ಓದಿ. ಚೇಂಬರ್ ಎರಡೂವರೆ ಇಂಚಿನದೋ ಎರಡೂಮುಕ್ಕಾಲಿನದೋ ಎಂದು ಅಳೆಸಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಚಿಕ್ಕದೇ ಹೆಚ್ಚು, ಅದಕ್ಕೆ ಉದ್ದದ ತೋಟೆ ಹಾಕಿದರೆ ಒತ್ತಡ ಮಿತಿಮೀರುತ್ತದೆ.

ಈ ಪರೀಕ್ಷೆಯಲ್ಲಿ ಸೋತ ಕೋವಿಯನ್ನು ನೆನೆದು ಮರುಗಬೇಕಿಲ್ಲ. ಬೆಸುಗೆ ಬಿಟ್ಟದ್ದು, ಕೀಲು ಸಡಿಲವಾದದ್ದು, ಹೊಗೆರಹಿತ ಮದ್ದಿಗೆ ಪ್ರೂಫ್ ಆಗದ ಡಮಾಸ್ಕಸ್ ನಳಿಗೆಯದ್ದು, ಇವುಗಳಲ್ಲಿ ಈಡು ಹೊಡೆಯುವುದು ಕೈ ಕಳೆದುಕೊಳ್ಳುವ ದಾರಿ. ಭಾವನೆಯ ಹೆಸರಿನಲ್ಲಿ ಅಂಥವನ್ನು ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ಒಯ್ಯುವವರನ್ನು ದಯವಿಟ್ಟು ತಡೆಯಿರಿ.

ಉಳಿದ ದಿನಗಳಲ್ಲಿ ಮನೆಯವರನ್ನು ಕೇಳಿ. ಮಗಳನ್ನೂ ಕೇಳಿ, ಸೊಸೆಯನ್ನೂ ಕೇಳಿ. ವಯಸ್ಸಾಯಿತು, ಇನ್ನು ನೋಡಿಕೊಳ್ಳಲಾಗದು ಎಂಬುದೇ ಕಾರಣವಾದರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 25ನೇ ನಿಯಮವನ್ನು ಓದಿ. ಲೈಸೆನ್ಸ್‌ದಾರನಿಗೆ 70 ತುಂಬಿದರೆ, ಇಲ್ಲವೇ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ತಾನು ಹೆಸರಿಸಿದ ವಾರಸುದಾರರಿಗೆ ದಾಟಿಸಲು ಅವಕಾಶವಿದೆ. ವಾರಸುದಾರರು ಅರ್ಹರಾಗಿರಬೇಕು, ಅವರ ಹೆಸರಿಗೆ ಲೈಸೆನ್ಸ್ ಆಗಬೇಕು ಅಷ್ಟೇ. ಈ ನಿಯಮ ಗೊತ್ತಿಲ್ಲದೆ ಪರರಿಗೆ ಕೊಟ್ಟು, ಆಮೇಲೆ ಮೊಮ್ಮಗ ಕೇಳಿದಾಗ ಉತ್ತರವಿಲ್ಲದೆ ಕುಳಿತ ಮನೆಗಳಿವೆ.

ಕೊಡಗಿನವರಿಗೆ ಇನ್ನೊಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿಯ ಬೇರು ಇರುವುದು ಮನೆಯ ಆಚಾರದಲ್ಲಿ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಬೆನ್ನುಬೆನ್ನಿಗೆ ಎರಡು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೊಂದು. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ ಕೋವಿ ಅಜ್ಜನ ಸಾವನ್ನು ಊರಿಗೆ ಸಾರಿದ ಕೋವಿ. ಅದನ್ನು ಮಾರುವ ತೀರ್ಮಾನ ಒಬ್ಬರ ಕೈಯಲ್ಲಿರಬಾರದು, ಒಕ್ಕದ (ಕುಲದ) ಹಿರಿಯರನ್ನೆಲ್ಲ ಕೂರಿಸಿ ಕೇಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈಗ ಸೋಮವಾರಪೇಟೆಯ ಓದುಗರಿಗೆ. ಹಳೆಯ ಲೈಸೆನ್ಸ್ ಪುಸ್ತಕ ಹುಡುಕಿ, ಡಿಬಿಬಿಎಲ್ (ಜೋಡಿ ನಳಿಗೆ ಕೋವಿ) ಎಂದು ಬರೆದಿರುವಲ್ಲೇ ಕೋವಿಯ ನಂಬರೂ ಇರುತ್ತದೆ. ಡೀಲರ್ ಮೂಲಕ ಕೊಟ್ಟಿದ್ದರೆ ಆ ನಂಬರ್ ಹಿಡಿದು ಅವರಲ್ಲಿ ವಿಚಾರಿಸಿ. ಕೊಂಡವರು ಗೊತ್ತಿದ್ದರೆ ಒಂದು ಸೌಜನ್ಯದ ಪತ್ರ ಬರೆಯಿರಿ. ಕೊಡಿ ಎಂದು ಒತ್ತಾಯಿಸಬೇಡಿ, ಮುಂದೆಂದಾದರೂ ಮಾರುವುದಾದರೆ ಮೊದಲು ನನಗೆ ತಿಳಿಸಿ ಎಂದಷ್ಟೇ ಕೇಳಿ. ಆ ಕೋವಿ ಯಾರದಾಗಿತ್ತು, ಯಾವ ವರ್ಷ ಮನೆಗೆ ಬಂತು ಎಂಬ ವಿವರವನ್ನೂ ಜೊತೆಗಿಡಿ. ಕೋವಿಯನ್ನು ಪ್ರೀತಿಸುವವರಿಗೆ ಅದರ ಹಿಂದಿನ ಕಥೆ ಬೇಕೇ ಬೇಕು, ಅಂಥ ಪತ್ರವನ್ನು ಅವರು ಎಸೆಯುವುದಿಲ್ಲ. ನಿಮ್ಮ ಲೈಸೆನ್ಸಿನಲ್ಲಿ ಒಂದು ಜಾಗ ಖಾಲಿ ಇಟ್ಟುಕೊಳ್ಳಿ.

ಇನ್ನೂ ಮಾರದವರಿಗೆ ಹೇಳುವುದು ಇಷ್ಟೇ. ಪತ್ರ ಕೊಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 45 ದಿನ ಮುಗಿದ ಮರುದಿನ ಬೆಳಿಗ್ಗೆ ತೀರ್ಮಾನಿಸಿ. ಅಂದೂ ಮಾರಬೇಕೆನ್ನಿಸಿದರೆ ಧಾರಾಳವಾಗಿ ಮಾರಿ. ಅಷ್ಟು ಕಾದು, ಎಲ್ಲರನ್ನೂ ಕೇಳಿ ಕೊಟ್ಟವರಿಂದ ಕೊರಗಿನ ಪತ್ರ ಈವರೆಗೆ ಈ ಅಂಕಣಕ್ಕೆ ಬಂದಿಲ್ಲ.